ಸಾಫ್ಟ್‌ವೇರ್ ಕಲಿಸುವ ವಿಡಿಯೊ: ಮಾಡುವವರಿಗೆ ಒಂದಿಷ್ಟು ಮಾತು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಮಾಹಿತಿ ತಂತ್ರಜ್ಞಾನ ಮತ್ತು ಗ್ರಾಮಾಭಿವೃದ್ಧಿ' ಎಂದು ಅಚ್ಚಾಗಿದೆ. ಅಷ್ಟು ದೊಡ್ಡ ವಿಷಯವನ್ನು ಹೊರುವ ಶಕ್ತಿ ನನಗಿಲ್ಲ. ನನ್ನ ಹೊಟ್ಟೆಪಾಡಿನ ಕೆಲಸ ಸಣ್ಣದು. ಸಾಫ್ಟ್‌ವೇರ್ ಬರೆಯುವವರು ಬೇರೆ ಜನ. ಅದನ್ನು ಬಳಸುವುದು ಹೇಗೆ ಎಂದು ಬಳಸುವವರಿಗೆ ತಿಳಿಸಿಕೊಡುವವರ ಗುಂಪಿನಲ್ಲಿ ನಾನಿದ್ದೇನೆ. ಮೊದಲು ಕೈಪಿಡಿ ಬರೆಯುತ್ತಿದ್ದೆವು. ಈಗ ಕೈಪಿಡಿಯ ಜೊತೆಗೆ ವಿಡಿಯೊ ಮಾಡುತ್ತೇವೆ. ಕಂಪ್ಯೂಟರ್ ಪರದೆಯನ್ನೇ ಚಿತ್ರೀಕರಿಸಿ, ಪಕ್ಕದಲ್ಲಿ ಕುಳಿತು ಹೇಳಿಕೊಟ್ಟ ಹಾಗೆ ಧ್ವನಿ ಕೊಡುವುದು. ಈ ಕೆಲಸದ ಬಗ್ಗೆ ನಾನು ನಾಲ್ಕು ಮಾತು ಆಡಬಲ್ಲೆ. ಅದು ಈ ಊರಿಗೆ, ಈ ಶಾಲೆಗೆ ಏಕೆ ಬೇಕು ಎಂಬುದರಿಂದಲೇ ಶುರು ಮಾಡುತ್ತೇನೆ.

ಇಲ್ಲಿರುವ ಶಿಕ್ಷಕರಿಗೆಲ್ಲ ಗೊತ್ತು, ಇವತ್ತು ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿದ್ದರೆ ಸಾಲದು, ಎಸ್‌ಎಟಿಎಸ್ ತಂತ್ರಾಂಶದಲ್ಲೂ ಇರಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಪೋರ್ಟಲ್ ಬೇರೆ ಇದೆ. ಸಾಮಾನ್ಯವಾಗಿ ಒಂದು ಶಾಲೆಯಲ್ಲಿ ಇದೆಲ್ಲ ಚೆನ್ನಾಗಿ ಬಲ್ಲ ಮೇಷ್ಟ್ರು ಅಥವಾ ಟೀಚರು ಒಬ್ಬರೇ ಇರುತ್ತಾರೆ. ಮಿಕ್ಕವರು "ಅವರನ್ನೇ ಕೇಳಿ" ಎನ್ನುತ್ತಾರೆ. ಮುಂದಿನ ವರ್ಷ ಅವರಿಗೆ ವರ್ಗವಾಗುತ್ತದೆ. ಬೀಳ್ಕೊಡುಗೆ ಸಮಾರಂಭದಲ್ಲಿ ಶಾಲು ಹೊದಿಸಿ, ಹಣ್ಣು ಕೊಟ್ಟು ಕಳಿಸುತ್ತೇವೆ. ಅವರ ತಲೆಯಲ್ಲಿದ್ದದ್ದೆಲ್ಲ ಅವರ ಜೊತೆಗೇ ಬಸ್ಸು ಹತ್ತುತ್ತದೆ. ಆಮೇಲೆ ಯಾವ ಮಗುವಿನ ಅರ್ಜಿ ಯಾವ ಹಂತದಲ್ಲಿ ನಿಂತಿದೆ ಎಂಬುದು ಗೊತ್ತಾಗದೆ, ಕೊನೆಯ ದಿನಾಂಕದ ಹಿಂದಿನ ರಾತ್ರಿ ಎಲ್ಲರೂ ಫೋನು ಹಿಡಿದು ಕೂರಬೇಕು. ದುಡ್ಡು ತಪ್ಪುವುದು ಮಗುವಿಗೆ.

ಊರಿನವರ ಕಷ್ಟ ಇನ್ನೊಂದು ಬಗೆಯದು. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಪಿಂಚಣಿ, ಯಾವುದಕ್ಕೂ ಈಗ ಒಂದು ಪರದೆ ಇದೆ. ಪರದೆಯ ಮುಂದೆ ಕೂರಲು ಬಾರದವರು ಅರ್ಜಿ ತುಂಬಿಸುವವರ ಬಳಿ ಹೋಗಿ, ದುಡ್ಡು ಕೊಟ್ಟು, ತಮ್ಮ ಆಧಾರ್ ನಂಬರು, ಫೋನಿಗೆ ಬಂದ ಒಟಿಪಿ ಎರಡನ್ನೂ ಹೇಳಿಬರುತ್ತಾರೆ. ದುಡ್ಡು ಹೋದರೆ ಹೋಗಲಿ ಎನ್ನಬಹುದು. ಒಟಿಪಿ ಹೇಳುವ ಅಭ್ಯಾಸ ಆಗಿಬಿಡುತ್ತದಲ್ಲ, ನನಗೆ ಭಯ ಅಲ್ಲಿ. ಅಂಗಡಿಯವನಿಗೆ ಹೇಳಿ ಹೇಳಿ ರೂಢಿಯಾದ ಬಾಯಿ, ನಾಳೆ ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ ಎನ್ನುವ ಕಳ್ಳನಿಗೂ ಹೇಳುತ್ತದೆ.

"ವಿಡಿಯೊ ಬೇಕಾದಷ್ಟು ಇವೆಯಲ್ಲ" ಎಂದು ನೀವು ಕೇಳಬಹುದು. ಇವೆ. ಮೊದಲ ಎರಡು ನಿಮಿಷ ಚಾನೆಲ್ಲಿನ ಹೆಸರು, ಸಂಗೀತ, ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಆಮೇಲೆ "ಇಲ್ಲಿ ಒತ್ತಿ, ಇದನ್ನು ಹಾಕಿ, ಇಷ್ಟೇ, ಮುಗೀತು". ಯಾವುದನ್ನು, ಎಲ್ಲಿ, ಏಕೆ ಎಂಬುದು ಗೊತ್ತಾಗುವಷ್ಟರಲ್ಲಿ ಪರದೆ ಬದಲಾಗಿರುತ್ತದೆ. ಹಾಗಾದರೆ ಒಳ್ಳೆಯ ವಿಡಿಯೊ ಎಂದರೇನು? ನನ್ನ ಅಳತೆಗೋಲು ಒಂದೇ. ನೋಡಿದವರು ಮಾರನೆಯ ದಿನ, ಯಾರನ್ನೂ ಕೇಳದೆ, ಆ ಕೆಲಸವನ್ನು ತಾವೇ ಮಾಡಿ ಮುಗಿಸಿದರೆ ಅದು ಒಳ್ಳೆಯದು. ಎಷ್ಟು ಸಾವಿರ ಜನ ನೋಡಿದರು ಎಂಬ ಲೆಕ್ಕ ನನಗೆ ಬೇಡ.

ಈ ಅಳತೆಗೋಲನ್ನು ಇಟ್ಟುಕೊಂಡು ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡಿದವರಿದ್ದಾರೆ. ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆ. ಕೆಮಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಕಣ್ಣನ್ ಮೌದ್ಗಲ್ಯ ಅವರು ಇದನ್ನು ಕಟ್ಟಿ ಬೆಳೆಸಿದರು. ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆಯ ಹಣದ ನೆರವು ಅದಕ್ಕೆ ಸಿಕ್ಕಿತ್ತು. ಲಿಬ್ರೆ ಆಫೀಸ್, ಲಿನಕ್ಸ್, ಪೈಥಾನ್, ಚಿತ್ರ ತಿದ್ದುವ ಜಿಂಪ್, ಹೀಗೆ ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಮುಕ್ತ ತಂತ್ರಾಂಶಗಳನ್ನೇ ಅವರು ಆರಿಸಿಕೊಂಡರು. ಒಂದೊಂದು ಪಾಠ ಸುಮಾರು 10 ನಿಮಿಷ. ಮೇಷ್ಟ್ರು ಇಲ್ಲದೆ ಮಗು ತಾನೇ ಕಲಿಯಬೇಕು ಎಂಬುದು ಮೊದಲ ಷರತ್ತು. ಪರದೆಯ ಅರ್ಧದಲ್ಲಿ ಪಾಠ ಓಡುತ್ತದೆ, ಇನ್ನರ್ಧದಲ್ಲಿ ಆ ತಂತ್ರಾಂಶವನ್ನೇ ತೆರೆದಿಟ್ಟುಕೊಳ್ಳಬೇಕು. ಪಾಠದಲ್ಲಿ ಒಂದು ಹೆಜ್ಜೆ ನೋಡುವುದು, ನಿಲ್ಲಿಸುವುದು, ಪಕ್ಕದಲ್ಲಿ ತಾನು ಮಾಡುವುದು, ಮತ್ತೆ ಮುಂದಕ್ಕೆ. ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಲ್ಲಿ ಈ ಪಾಠಗಳ ಧ್ವನಿ ಸಿಗುತ್ತದೆ. ಚಿತ್ರ ಅದೇ, ಧ್ವನಿ ಮಾತ್ರ ಬೇರೆ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಗೆ ಇವನ್ನು ಇಳಿಸಿಕೊಳ್ಳಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಅವರ ಪದ್ಧತಿಯಲ್ಲಿ ನನಗೆ ಬಹಳ ಹಿಡಿಸಿದ್ದು ಎರಡು ಕಾಲಮ್ಮಿನ ಬರಹ. ರೆಕಾರ್ಡಿಂಗ್ ಶುರುವಾಗುವ ಮುಂಚೆ ಒಂದು ಹಾಳೆಯನ್ನು ಎರಡು ಭಾಗ ಮಾಡುತ್ತಾರೆ. ಎಡಗಡೆ ಪರದೆಯ ಮೇಲೆ ಏನು ಕಾಣುತ್ತದೆ, ಬಲಗಡೆ ಆ ಹೊತ್ತಿಗೆ ಬಾಯಲ್ಲಿ ಏನು ಹೇಳಬೇಕು. ಆ ಬರಹವನ್ನು ವಿಷಯವೇ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು, ಅದನ್ನು ಓದಿಕೊಂಡು ಕೆಲಸ ಮಾಡಲು ಆಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಆಗದಿದ್ದರೆ ಬರಹ ತಿದ್ದುತ್ತಾರೆ. ಇಷ್ಟೆಲ್ಲ ಆದ ಮೇಲೆ ರೆಕಾರ್ಡಿಂಗ್. ಇದು ನಮ್ಮ ಮೇಷ್ಟ್ರುಗಳಿಗೆ ಹೊಸದೇನಲ್ಲ, ಪಾಠ ಟಿಪ್ಪಣಿ ಬರೆದೇ ತರಗತಿಗೆ ಬರಬೇಕೆಂಬ ನಿಯಮ ಅವರಿಗಿದೆ. (ಬರೆಯದೆ ಬಂದವರೂ ಇದ್ದರು. ಹೆಸರು ಹೇಳುವುದಿಲ್ಲ, ಇಲ್ಲೇ ಮುಂದಿನ ಸಾಲಿನಲ್ಲಿ ನಗುತ್ತಿದ್ದಾರೆ.)

ಈ ಬಲಗಡೆಯ ಕಾಲಮ್ಮಿಗೆ ಕನ್ನಡದಲ್ಲಿ ಬರೆಯುವಾಗ ಒಂದು ಸೂಕ್ಷ್ಮವಿದೆ. ಇಂಗ್ಲಿಷಿನಲ್ಲಿ ಸೂಚನೆ ಕ್ರಿಯಾಪದದಿಂದ ಶುರುವಾಗುತ್ತದೆ. ಮೊದಲು 'ಒತ್ತಿ', ಆಮೇಲೆ ಏನನ್ನು, ಕೊನೆಗೆ ಎಲ್ಲಿದೆ. ಕೇಳುವವನ ಕೈ ಮೌಸಿನ ಮೇಲೆ ಸಿದ್ಧವಾಗಿದೆ, ಕಣ್ಣು ಮಾತ್ರ ಪರದೆಯೆಲ್ಲ ಅಲೆಯುತ್ತಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಮೇಲುಗಡೆ, ಎಡಮೂಲೆಯಲ್ಲಿ, ಫೈಲ್ ಎಂದಿದೆ. ಅದನ್ನು ಒತ್ತಿ." ಕಣ್ಣು ಮೊದಲು ಜಾಗಕ್ಕೆ ಹೋಯಿತು, ಆಮೇಲೆ ಹೆಸರು ಕಂಡಿತು, ಕೊನೆಗೆ ಕೈ ಆಡಿತು. ಸಂತೆಯಲ್ಲಿ ದಾರಿ ಕೇಳಿದವರಿಗೆ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದದ್ದೂ ಹೀಗೆಯೇ: "ಅರಳಿಕಟ್ಟೆ ಸಿಕ್ಕುತ್ತೆ, ಅದರ ಬಲಕ್ಕೆ ಹಿಟ್ಟಿನ ಗಿರಣಿ, ಅಲ್ಲಿ ತಿರುಗಿಕೊ." ಸೂಚನೆ ಕೊಡಲು ನಮ್ಮ ಭಾಷೆಯ ಜಾಯಮಾನವೇ ಅನುಕೂಲಕರ. ಆದರೂ ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿ, "ಕ್ಲಿಕ್ ಮಾಡಿ ಎಡಮೂಲೆಯಲ್ಲಿರುವ ಫೈಲ್ ಮೆನುವನ್ನು" ಎಂದು ಓದುವವರು ಎಷ್ಟೋ ಜನ. ಅನುವಾದಿಸುವುದು ಬೇಡ. ಪಕ್ಕದಲ್ಲಿ ತಂಗಿಯನ್ನು ಕೂರಿಸಿಕೊಂಡು ಹೇಳಿಕೊಡಿ, ಬಾಯಿಗೆ ಬಂದದ್ದನ್ನು ಬರೆದುಕೊಳ್ಳಿ, ಅದೇ ಬರಹ.

ಪದಗಳ ವಿಷಯದಲ್ಲಿ ಜಗಳವಾಗುತ್ತದೆ. 'ಸೇವ್' ಎನ್ನಬೇಕೋ 'ಉಳಿಸು' ಎನ್ನಬೇಕೋ? ನನ್ನ ಉತ್ತರ ಸರಳ: ಪರದೆಯ ಮೇಲೆ ಏನು ಬರೆದಿದೆಯೋ ಅದನ್ನೇ ಹೇಳಿ. ಗುಂಡಿಯ ಮೇಲೆ 'ಸಬ್ಮಿಟ್' ಎಂದು ಇಂಗ್ಲಿಷಿನಲ್ಲಿದ್ದರೆ, "ಸಲ್ಲಿಸು ಗುಂಡಿ ಒತ್ತಿ" ಎಂದು ಹೇಳಿದರೆ ಕೇಳಿದವರು 'ಸಲ್ಲಿಸು' ಎಂಬ ಅಕ್ಷರಗಳನ್ನು ಹುಡುಕುತ್ತಾರೆ, ಅದು ಅಲ್ಲಿರುವುದಿಲ್ಲ. ಪರದೆಯೇ ಕನ್ನಡದಲ್ಲಿದ್ದರೆ 'ಸಲ್ಲಿಸು' ಎನ್ನಿ. ಮೊದಲ ಸಲ ಅರ್ಥ ಹೇಳಿ, "ಸಬ್ಮಿಟ್, ಅಂದರೆ ಅರ್ಜಿ ಒಪ್ಪಿಸುವುದು", ಆಮೇಲೆ ಅದೇ ಹೆಸರನ್ನು ಕೊನೆಯವರೆಗೂ ಬಳಸಿ. ಒಮ್ಮೆ ಗುಂಡಿ, ಒಮ್ಮೆ ಬಟನ್, ಒಮ್ಮೆ ಆಯ್ಕೆ ಎಂದರೆ ಮೂರು ಬೇರೆ ಬೇರೆ ವಸ್ತು ಇವೆ ಎಂದು ಹೊಸಬರು ತಿಳಿಯುತ್ತಾರೆ. ಪ್ರಬಂಧದಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದರೆ ನಮ್ಮ ಕನ್ನಡ ಪಂಡಿತರು ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದರು. ಇಲ್ಲಿ ಅದು ತಿರುಗುಮುರುಗು.

'ಇಲ್ಲಿ', 'ಇದನ್ನು' ಎಂಬ ಎರಡು ಪದಗಳನ್ನು ಬರಹದಿಂದ ಹೊಡೆದುಹಾಕಿ. ಹೆಸರಿಟ್ಟು ಹೇಳಿದರೆ ಪರದೆ ನೋಡದೆಯೂ ಅರ್ಥವಾಗುತ್ತದೆ. ಕಣ್ಣು ಕಾಣದವರು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದಿಂದ ಪರದೆಯನ್ನು ಕಿವಿಯಲ್ಲಿ ಓದಿಸಿಕೊಂಡು ಕೆಲಸ ಮಾಡುತ್ತಾರೆ. 'ಇಲ್ಲಿ ಒತ್ತಿ' ಎಂಬ ಮಾತು ಅವರಿಗೆ ಏನೂ ಹೇಳುವುದಿಲ್ಲ.

ಇನ್ನು ಕಣ್ಣಿಗೆ ಕಾಣದ ಒಂದು ತೊಡಕು. ಮೌಸ್ ಓಡಾಡಿದ್ದು ವಿಡಿಯೊದಲ್ಲಿ ಕಾಣುತ್ತದೆ, ಕೀಲಿ ಒತ್ತಿದ್ದು ಕಾಣುವುದಿಲ್ಲ. ಕನ್ನಡ ಟೈಪಿಂಗ್ ಕಲಿಸುವ ವಿಡಿಯೊ ತೆಗೆದುಕೊಳ್ಳಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಕೀಲಿಮಣೆ ವಿನ್ಯಾಸದಲ್ಲಿ 'ಅಮ್ಮ' ಎಂದು ಬರೆಯಲು ನಾಲ್ಕು ಕೀಲಿ ಬೇಕು: ಎ, ಎಂ, ಎಫ್, ಎಂ. ಎ ಒತ್ತಿದರೆ ಅ ಬಂತು. ಎಂ ಒತ್ತಿದರೆ ಮ ಬಂತು. ನಡುವಿನ ಎಫ್ ಒತ್ತಿದಾಗ ಮ ಹೋಗಿ ಮ್ ಆಯಿತು, ಮತ್ತೆ ಎಂ ಒತ್ತಿದಾಗ ಒತ್ತಕ್ಷರ ಕೂತಿತು. ನೋಡುವವರಿಗೆ ಕಾಣುವುದು ಅಕ್ಷರ ತಾನಾಗಿ ಮೂಡಿದ ಹಾಗೆ. ಎಫ್ ಎಂಬ ಕೀಲಿಯೇ ಒತ್ತಕ್ಷರದ ಗುಟ್ಟು, ಅದೇ ವಿಡಿಯೊದಲ್ಲಿ ಮರೆಯಾಗಿದೆ! ಆದ್ದರಿಂದ ಕೀಲಿಯ ಹೆಸರನ್ನು ಮೊದಲು ಬಾಯಲ್ಲಿ ಹೇಳಬೇಕು, ಒಂದು ಉಸಿರು ಬಿಡಬೇಕು, ಆಮೇಲೆ ಒತ್ತಬೇಕು. ಒತ್ತಿದ ಕೀಲಿಯನ್ನು ಪರದೆಯ ಮೂಲೆಯಲ್ಲಿ ತೋರಿಸುವ ಸಣ್ಣ ತಂತ್ರಾಂಶಗಳೂ ಇವೆ, ಅವು ಇದ್ದರೆ ಇನ್ನೂ ಒಳ್ಳೆಯದು. 'ಅಮ್ಮ' ಬಂದ ಮೇಲೆ 'ಅಕ್ಕ' ಹೇಳಿಕೊಡಬೇಡಿ. ನೋಡುತ್ತಿರುವವರನ್ನೇ ಕೇಳಿ: "ಈಗ ಅಕ್ಕ ಎಂದು ನೀವೇ ಬರೆಯಿರಿ, ವಿಡಿಯೊ ನಿಲ್ಲಿಸಿ." ಎ, ಕೆ, ಎಫ್, ಕೆ ಎಂದು ಅವರಿಗೇ ಹೊಳೆದರೆ, ಕೀಲಿಮಣೆಯ ಮೇಲಿನ ಭಯ ಅಲ್ಲಿಗೆ ಅರ್ಧ ಹೋಯಿತು.

ಎಷ್ಟು ಉದ್ದ ಇರಬೇಕು? 2014ರಲ್ಲಿ ಫಿಲಿಪ್ ಗುವೊ ಮತ್ತು ಸಂಗಡಿಗರು ಅಮೆರಿಕದ ಎಡ್‌ಎಕ್ಸ್ ಎಂಬ ಅಂತರ್ಜಾಲ ಕಲಿಕಾ ವ್ಯವಸ್ಥೆಯ ನಾಲ್ಕು ಕೋರ್ಸುಗಳಲ್ಲಿ, ಸುಮಾರು 69 ಲಕ್ಷ ಬಾರಿ ವಿಡಿಯೊ ನೋಡಿದ ದಾಖಲೆಗಳನ್ನು ಪರಿಶೀಲಿಸಿದರು. ವಿಡಿಯೊ ಎಷ್ಟೇ ಉದ್ದವಿರಲಿ, ವಿದ್ಯಾರ್ಥಿಗಳು ನೋಡುತ್ತಿದ್ದ ಹೊತ್ತಿನ ಮಧ್ಯಾಂಕ 6 ನಿಮಿಷ ದಾಟಲಿಲ್ಲ. ಎಲ್ಲರೂ ಈ 6 ನಿಮಿಷವನ್ನು ಮಾತ್ರ ಹಿಡಿದುಕೊಂಡಿದ್ದಾರೆ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ಉಪನ್ಯಾಸವನ್ನು ನೋಡುವ ಬಗೆ ಬೇರೆ, ಹೆಜ್ಜೆ ಹೆಜ್ಜೆಯಾಗಿ ಕೆಲಸ ಕಲಿಸುವ ವಿಡಿಯೊ ನೋಡುವ ಬಗೆ ಬೇರೆ. ಎರಡನೆಯದಕ್ಕೆ ಜನ ಮತ್ತೆ ಮತ್ತೆ ಮರಳಿ ಬರುತ್ತಾರೆ, ಬೇಕಾದ ತುಂಡನ್ನು ಹುಡುಕುತ್ತಾರೆ. ಆದ್ದರಿಂದ ಗಡಿಯಾರಕ್ಕಿಂತ ಕೆಲಸವನ್ನು ನೋಡಿ. ಒಂದು ವಿಡಿಯೊ, ಒಂದು ಕೆಲಸ. 'ಲಿಬ್ರೆ ಆಫೀಸ್ ಪರಿಚಯ' ಎಂಬ ಹೆಸರಿನ ವಿಡಿಯೊವನ್ನು ಯಾರೂ ಹುಡುಕುವುದಿಲ್ಲ. 'ಬರೆದ ಪತ್ರವನ್ನು ಪಿಡಿಎಫ್ ಮಾಡುವುದು' ಎಂಬುದನ್ನು ಹುಡುಕುತ್ತಾರೆ. ಫೈಲ್ ಮೆನು, ಅದರೊಳಗೆ ಎಕ್ಸ್‌ಪೋರ್ಟ್ ಆ್ಯಸ್, ಅದರೊಳಗೆ ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್, ಎಲ್ಲಿ ಉಳಿಯಿತು ಎಂದು ತೋರಿಸಿ ಮುಗಿಸಿ. 3 ನಿಮಿಷ ಸಾಕು. ಉದ್ದವಾದದ್ದನ್ನು ಮಾಡಲೇಬೇಕಾದರೆ, ಯೂಟ್ಯೂಬಿನಲ್ಲಿ ವಿಡಿಯೊದ ಕೆಳಗಿನ ವಿವರಣೆಯಲ್ಲಿ 0:00ರಿಂದ ಶುರುಮಾಡಿ ಹೊತ್ತು ಮತ್ತು ವಿಷಯ ಬರೆದರೆ ಅದೇ ಅಧ್ಯಾಯಗಳಾಗಿ ಒಡೆಯುತ್ತದೆ.

ಅಲಂಕಾರ ಬೇಡ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಚಿತ್ರ ಮತ್ತು ಮಾತು ಸೇರಿದಾಗ ಜನ ಹೇಗೆ ಕಲಿಯುತ್ತಾರೆ ಎಂಬುದನ್ನೇ ದಶಕಗಳ ಕಾಲ ಪರೀಕ್ಷಿಸಿದವರು. ಹಿನ್ನೆಲೆ ಸಂಗೀತ, ವಿಷಯಕ್ಕೆ ಸಂಬಂಧವಿಲ್ಲದ ಚಿತ್ರ, ರೋಚಕ ಸಂಗತಿ, ಇವು ಕಲಿಕೆಗೆ ಅಡ್ಡಿ ಎಂಬುದು ಅವರ ಪ್ರಯೋಗಗಳಲ್ಲಿ ಕಂಡಿದೆ. ನಮ್ಮ ತಲೆ ಒಂದು ಹೊತ್ತಿಗೆ ಹೊರಬಲ್ಲದ್ದು ಸ್ವಲ್ಪ. ಅದರ ಮೇಲೆ ತಮಟೆ ಬಡಿಯಬಾರದು.

ಸಲಕರಣೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಅಷ್ಟು ದೊಡ್ಡ ವಿಷಯವಲ್ಲ. ಕಂಪ್ಯೂಟರ್ ಪರದೆಯ ರೆಕಾರ್ಡಿಂಗಿಗೆ ಒಬಿಎಸ್ ಸ್ಟುಡಿಯೊ ಇದೆ, ಧ್ವನಿ ತಿದ್ದಲು ಆಡಾಸಿಟಿ ಇದೆ, ಎರಡೂ ಉಚಿತ. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ ಈಚೆಗೆ ಫೋನಿನಲ್ಲೇ ಪರದೆ ರೆಕಾರ್ಡ್ ಮಾಡುವ ಸೌಲಭ್ಯ ಇದೆ. ನಿಮ್ಮ ವಿಡಿಯೊವನ್ನು ನಮ್ಮೂರಿನವರು ನೋಡುವುದು ಅಂಗೈಯಗಲದ ಫೋನಿನಲ್ಲಿ. ದೊಡ್ಡ ಪರದೆಯನ್ನು ಹಾಗೇ ಹಿಡಿದರೆ ಅಕ್ಷರಗಳು ಇರುವೆ ಸಾಲಾಗುತ್ತವೆ. ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಪ್ಲಸ್ ಕೀಲಿ ಒತ್ತಿ 150 ಪ್ರತಿಶತಕ್ಕೆ ಹಿಗ್ಗಿಸಿಕೊಂಡೇ ಶುರುಮಾಡಿ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಧ್ವನಿ ಕೆಟ್ಟರೆ ಬಿಟ್ಟು ಹೋಗುತ್ತಾರೆ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಗೋಡೆಗೆ ಕಂಬಳಿ ತೂಗುಹಾಕಿ. ಮಾತು ಶುರುವಾಗುವ ಮುಂಚೆ ಐದು ಸೆಕೆಂಡು ಸುಮ್ಮನಿರಿ. ಆ ಮೌನದಲ್ಲಿ ಕೋಣೆಯ ಗುಂಯ್‌ಗುಡುವಿಕೆ ಮಾತ್ರ ಇರುತ್ತದೆ. ಅದನ್ನು ಆಡಾಸಿಟಿಗೆ ಮಾದರಿಯಾಗಿ ತೋರಿಸಿದರೆ ಮಿಕ್ಕ ರೆಕಾರ್ಡಿಂಗಿನಿಂದಲೂ ಆ ಸದ್ದನ್ನು ಅದು ತಗ್ಗಿಸುತ್ತದೆ. ಕೋಳಿ ಕೂಗಿದರೆ ಮಾತ್ರ ಮತ್ತೆ ಮಾಡಬೇಕು!

ಈಗ ಎಲ್ಲಕ್ಕಿಂತ ಗಂಭೀರವಾದ ಮಾತು. ವಿದ್ಯಾರ್ಥಿವೇತನದ ಅರ್ಜಿ ತುಂಬುವುದನ್ನು ತೋರಿಸಬೇಕು ಎಂದುಕೊಳ್ಳಿ. ಅರ್ಜಿಯಲ್ಲಿ ಏನೇನಿದೆ? ಮಗುವಿನ ಹೆಸರು, ಆಧಾರ್, ಎಸ್‌ಎಟಿಎಸ್ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ತಂದೆಯ ಫೋನು. ನಿಜವಾದ ಒಂದು ಮಗುವಿನ ಅರ್ಜಿಯನ್ನೇ ತುಂಬುತ್ತಾ ರೆಕಾರ್ಡ್ ಮಾಡಿದರೆ ಇವೆಲ್ಲ ಊರಿಗೆಲ್ಲ ಹಂಚಿದ ಹಾಗೆ. ವಾಟ್ಸ್ಆ್ಯಪ್ ಗುಂಪಿಗೆ ಹೋದದ್ದನ್ನು ಬ್ರಹ್ಮ ಬಂದರೂ ಹಿಂದಕ್ಕೆ ತರಲಾಗದು. ಮಗುವಿನ ಜಾತಿ, ಮನೆಯ ಆದಾಯ ಇವು ವಿಡಿಯೊದಲ್ಲಿ ಕಾಣುವುದು ಬರೀ ಕಾನೂನಿನ ಪ್ರಶ್ನೆಯಲ್ಲ. ನಾಳೆ ಆಟದ ಬಯಲಿನಲ್ಲಿ ಅದು ಅಣಕದ ಮಾತಾಗುತ್ತದೆ. ಹಾಗಾಗಿ ಲಾಗಿನ್ ಆದ ನಂತರದ ಪರದೆಗಳನ್ನು ರೆಕಾರ್ಡ್ ಮಾಡಬೇಡಿ. ಕಾಗದದ ಮೇಲೆ ಅರ್ಜಿಯ ನಮೂನೆ ಬರೆದು, ಕಾಲ್ಪನಿಕ ಹೆಸರು, ಎಲ್ಲ ಸೊನ್ನೆಯ ಸಂಖ್ಯೆ ಹಾಕಿ, ಅದನ್ನು ತೋರಿಸುತ್ತಾ ವಿವರಿಸಿ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು ಬೇರೆ ಬೇರೆಯಿದ್ದರೆ ಅವುಗಳ ಆರ್‌ಡಿ ಸಂಖ್ಯೆ ಅದಲುಬದಲು ಮಾಡಬೇಡಿ ಎಂದು ಹೇಳಲು ನಮೂನೆಯೇ ಸಾಕು. ಆಧಾರ್ ತೋರಿಸಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಎಂಬುದೊಂದಿದೆ ಎಂದು ಅದೇ ವಿಡಿಯೊದಲ್ಲಿ ತಿಳಿಸಿ. ರೆಕಾರ್ಡ್ ಮಾಡುವಾಗ ಫೋನಿಗೆ ಬರುವ ಸಂದೇಶಗಳು ಮೇಲೆ ಇಣುಕದಂತೆ ನೋಟಿಫಿಕೇಶನ್ ನಿಲ್ಲಿಸಿ. ಒಟಿಪಿ ಬರುವುದೂ ಅಲ್ಲೇ.

ವಿಡಿಯೊ ಆಯಿತು. ಈಗ ಪರೀಕ್ಷೆ. ಆ ಕೆಲಸವನ್ನು ಎಂದೂ ಮಾಡದ ಒಬ್ಬರನ್ನು ಕರೆದು, ವಿಡಿಯೊ ಕೊಟ್ಟು, ನೀವು ಹಿಂದೆ ಕುಳಿತುಕೊಳ್ಳಿ. ಬಾಯಿಗೆ ಬೀಗ. ಅವರು ತಡವರಿಸಿದಾಗ "ಅಲ್ಲಲ್ಲ, ಪಕ್ಕದ್ದು" ಎಂದು ಹೇಳಲು ನಾಲಿಗೆ ತುರಿಸುತ್ತದೆ. ಹೇಳಬೇಡಿ, ಬರೆದುಕೊಳ್ಳಿ. ಅವರು ಎಲ್ಲಿ ನಿಂತರೋ ಅಲ್ಲಿ ವಿಡಿಯೊ ಸೋತಿದೆ, ಅವರಲ್ಲ. ನಮ್ಮ ಕಚೇರಿಯಲ್ಲಿ ಇಂಥ ಪರೀಕ್ಷೆಗೆ ಕುಳಿತ ಹಿರಿಯರೊಬ್ಬರು "ಓಕೆ ಒತ್ತಿ" ಎಂದಾಗೆಲ್ಲ ಕೈ ಹಿಂದೆ ತೆಗೆಯುತ್ತಿದ್ದರು. ಕೇಳಿದರೆ, "ಒತ್ತಿದ ಮೇಲೆ ದುಡ್ಡು ಹೋದರೆ?" ಎಂದರು. ಒತ್ತಿದರೆ ಏನಾಗುತ್ತದೆ, ಏನಾಗುವುದಿಲ್ಲ, ತಪ್ಪಾದರೆ ಹಿಂದಕ್ಕೆ ಬರುವುದು ಹೇಗೆ, ಈ ಮೂರನ್ನು ಹೇಳದೆ ಬರೀ ಒತ್ತಿ ಎನ್ನುವುದು ಸೂಚನೆಯೇ ಅಲ್ಲ ಎಂದು ನಮ್ಮ ತಂಡ ಅವತ್ತಿನಿಂದ ನಿಯಮ ಮಾಡಿಕೊಂಡಿತು.

ಸರ್ಕಾರಿ ಪೋರ್ಟಲುಗಳ ಪರದೆ ಆಗಾಗ ಬದಲಾಗುತ್ತದೆ. ಹಳೆಯ ವಿಡಿಯೊ ಹಾಗೇ ಉಳಿದರೆ ದಾರಿ ತಪ್ಪಿಸುತ್ತದೆ. ಆದ್ದರಿಂದ ಮೊದಲ ವಾಕ್ಯದಲ್ಲೇ ತಿಂಗಳು, ವರ್ಷ ಹೇಳಿ. ವರ್ಷಕ್ಕೊಮ್ಮೆ, ಜೂನ್ ತಿಂಗಳಲ್ಲಿ ಎಂದಿಟ್ಟುಕೊಳ್ಳಿ, ಎಲ್ಲವನ್ನೂ ತೆರೆದು ನೋಡಿ, ಕೆಲಸಕ್ಕೆ ಬಾರದ್ದನ್ನು ಅಳಿಸಿ. ಒಂದು ವಿಡಿಯೊ ಒಂದೇ ಕೆಲಸದ್ದಾದರೆ ಅದೊಂದನ್ನೇ ಹೊಸದಾಗಿ ಮಾಡಿದರಾಯಿತು.

ಕೊನೆಯದಾಗಿ ಒಂದು ಕೋರಿಕೆ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಒಂಬತ್ತನೇ ತರಗತಿಯ ಮಕ್ಕಳು ಮೂರು ವಿಡಿಯೊ ಮಾಡಲಿ: 'ಅಮ್ಮ' ಎಂದು ಕನ್ನಡದಲ್ಲಿ ಟೈಪ್ ಮಾಡುವುದು, ಪತ್ರವನ್ನು ಪಿಡಿಎಫ್ ಮಾಡುವುದು, ವಿದ್ಯಾರ್ಥಿವೇತನದ ಅರ್ಜಿಗೆ ಕುಳಿತುಕೊಳ್ಳುವ ಮುಂಚೆ ಮನೆಯಿಂದ ತರಬೇಕಾದ ಕಾಗದಗಳು. ಬರಹ ಮಕ್ಕಳದ್ದು, ತಿದ್ದುವುದು ಕನ್ನಡ ಮೇಷ್ಟ್ರು, ಪರೀಕ್ಷೆಗೆ ಕೂರುವವರು ಅವರವರ ಅಪ್ಪ ಅಮ್ಮಂದಿರು. ಎಸ್‌ಎಟಿಎಸ್ ಬಗ್ಗೆ ಶಿಕ್ಷಕರು ತಮ್ಮೊಳಗೇ ಒಂದು ಮಾಡಿಕೊಳ್ಳಲಿ, ಅದೂ ನಮೂನೆಯ ಹಾಳೆ ಇಟ್ಟುಕೊಂಡೇ. ಅದು ಶಾಲೆಯ ಕಂಪ್ಯೂಟರಿನಲ್ಲೇ ಇರಲಿ, ಹೊರಗೆ ಹೋಗುವುದು ಬೇಡ. ಎರಡು ಕಾಲರ್ ಮೈಕು, ಒಂದು ಹಾರ್ಡ್ ಡಿಸ್ಕಿನಲ್ಲಿ ಒಬಿಎಸ್, ಆಡಾಸಿಟಿ, ಕನ್ನಡದ ಸ್ಪೋಕನ್ ಟ್ಯುಟೋರಿಯಲ್ ಪಾಠಗಳನ್ನು ತಂದಿದ್ದೇನೆ. ಊಟವಾದ ಮೇಲೆ ಮೂರು ಗಂಟೆಗೆ ಕಂಪ್ಯೂಟರ್ ಕೋಣೆಯಲ್ಲಿ ಇರುತ್ತೇನೆ. ಬರುವವರು ಎರಡು ಕಾಲಮ್ಮು ಗೀಟು ಹಾಕಿದ ಒಂದು ಹಾಳೆ ತನ್ನಿ. ಕಂಬಳಿ ಯಾರಾದರೂ ಹತ್ತಿರದ ಮನೆಯವರು ಕೊಟ್ಟರೆ ಉಪಕಾರವಾಗುತ್ತದೆ.